ಬಿತ್ತನೆ ಬೀಜ ಉಂಡ ಮೈ

ಸಾವಿನ ಬಾಗಿಲಿಗೆ ಹೋಗಿ ಮರಳಿದವರು ನಮ್ಮ ಎಲ್ಲ ಊರುಗಳಲ್ಲೂ ಇದ್ದಾರೆ. 2021ರ ಬೇಸಿಗೆಯ ಕೋವಿಡ್ ಅಲೆ ಇಳಿದ ಮೇಲಂತೂ ಅಂಥವರನ್ನು ಎಲ್ಲರೂ ಹತ್ತಿರದಿಂದ ಕಂಡಿದ್ದೇವೆ. ಐಸಿಯುನಲ್ಲಿ ಹಲವು ದಿನ ಕಳೆದು, ವೆಂಟಿಲೇಟರ್‌ನಿಂದ ಬಿಡಿಸಿಕೊಂಡು, ಆರತಿ ಎತ್ತಿಸಿಕೊಂಡು ಮನೆಯೊಳಗೆ ಬಂದವರು. ರಿಪೋರ್ಟೆಲ್ಲ ನಾರ್ಮಲ್. ಆದರೂ ಆರು ತಿಂಗಳು ಕಳೆದರೂ ಮೊದಲಿನ ಆಳಾಗುವುದಿಲ್ಲ. ರೋಗ ಹೋಗಿದೆ, ಆರೋಗ್ಯ ಮಾತ್ರ ಬಂದಿಲ್ಲ. ಇದೇಕೆ ಹೀಗೆ?

ಕಡೂರು ತಾಲ್ಲೂಕಿನ ಸಖರಾಯಪಟ್ಟಣದ ಕಡೆಯ ರೈತರೊಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು ಐವತ್ತೈದು. ಒಂದಿಷ್ಟು ತೆಂಗು, ಒಂದಿಷ್ಟು ರಾಗಿ ಹೊಲ. ನ್ಯುಮೋನಿಯಾ ಬಲಿತು ಮೈಯೆಲ್ಲ ನಂಜೇರಿತು. ಮೊದಲು ಕಡೂರು, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗ. ಹತ್ತು ದಿನ ವೆಂಟಿಲೇಟರ್, ಇನ್ನೊಂದು ವಾರ ವಾರ್ಡು. ಗೆದ್ದು ಬಂದರು. ಈಗ ಪಂಪ್‌ಹೌಸಿನ ತನಕ ನಡೆದರೆ ಏದುಸಿರು. ತುಂಬಿದ ಬಿಂದಿಗೆ ಎತ್ತಲು ಹೋದರೆ ಕೈ ನಡುಗುತ್ತದೆ. ಕೊಬ್ಬರಿ ಮಾರಿದ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರು ಈಗ ಕಾಗದ ಹಿಡಿದರೂ ಎಡವುತ್ತಾರೆ. ನಡುರಾತ್ರಿ ಬೆಚ್ಚಿ ಎದ್ದು ಹೆಂಡತಿಗೆ ಹೇಳುತ್ತಾರೆ: ‘ಅಲ್ಲಿ ನನ್ನ ಕಟ್ಟಾಕಿ ಸಾಯಿಸಕ್ಕೆ ನೋಡಿದ್ರು ಕಣೇ. ನಿಂಗೆ ಗೊತ್ತಿಲ್ಲ.’

ಹೆಂಡತಿಗೆ ಗಾಳಿ ಸೋಕಿತೇನೋ ಎಂಬ ಭಯ. ಮಗ, ‘ಅಪ್ಪ ಸುಮ್ನೆ ಮಲಗಿರ್ಲಿ, ಏನೂ ಮಾಡೋದು ಬೇಡ’ ಎನ್ನುತ್ತಾನೆ. ಪಕ್ಕದ ಮನೆಯವರು, ‘ಮೈಗಳ್ಳತನ ಅಂಟಿಕೊಂಡಿದೆ’ ಎಂದು ಮೆಲ್ಲಗೆ ಆಡಿಕೊಳ್ಳುತ್ತಾರೆ. ಮೂವರಿಗೂ ಗೊತ್ತಿಲ್ಲದ ಒಂದು ಸಂಗತಿಯಿದೆ. ಇಂಥ ಕಷ್ಟಕ್ಕೆ ವೈದ್ಯವಿಜ್ಞಾನದಲ್ಲಿ ಹೆಸರಿದೆ, ಕಾರಣವಿದೆ, ಸಾಕಷ್ಟು ಮಟ್ಟಿಗೆ ಪರಿಹಾರವೂ ಇದೆ.

ಉಳಿಸುವುದನ್ನು ಕಲಿತೆವು, ಆಮೇಲೆ?

1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಪೋಲಿಯೊ ಅಪ್ಪಳಿಸಿತು. ಉಸಿರಾಟದ ಸ್ನಾಯುಗಳೇ ಸೋತ ಮಕ್ಕಳು ಸಾಲುಸಾಲಾಗಿ ಸಾಯುತ್ತಿದ್ದರು. ಆ ಆಗಸ್ಟ್ ತಿಂಗಳಲ್ಲಿ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಹನ್ನೆರಡು ವರ್ಷದ ಹುಡುಗಿಯೊಬ್ಬಳ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ರಬ್ಬರ್ ಚೀಲ ಹಿಸುಕುತ್ತ ಅವಳಿಗೆ ಉಸಿರು ಕೊಟ್ಟರು. ಅವಳು ಬದುಕಿದಳು. ಮುಂದಿನ ತಿಂಗಳುಗಳಲ್ಲಿ ಸುಮಾರು 1,500 ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಕೈಯಿಂದಲೇ ಚೀಲ ಹಿಸುಕಿ ರೋಗಿಗಳನ್ನು ಉಳಿಸಿದರು. ಇಂದಿನ ತೀವ್ರ ನಿಗಾ ಘಟಕ ಹುಟ್ಟಿದ್ದು ಆ ಅನುಭವದಿಂದ.

ಆನಂತರ ದಶಕಗಳ ಕಾಲ ಐಸಿಯುವಿನ ಗೆಲುವನ್ನು ಅಳೆದದ್ದು ಒಂದೇ ಪ್ರಶ್ನೆಯಿಂದ: ರೋಗಿ ಉಳಿದರೇ, ಇಲ್ಲವೇ? ಉಳಿದವರು ಮನೆಗೆ ಹೋಗಿ ಹೇಗಿದ್ದಾರೆ ಎಂದು ಹಿಂಬಾಲಿಸಿ ನೋಡಿದವರು ಕಡಿಮೆ. 2003ರಲ್ಲಿ ಕೆನಡಾದ ಟೊರೊಂಟೊದ ಮಾರ್ಗರೆಟ್ ಹೆರಿಡ್ಜ್ ಮತ್ತು ಸಂಗಡಿಗರು ಶ್ವಾಸಕೋಶ ತೀವ್ರವಾಗಿ ಕೆಟ್ಟು ಐಸಿಯು ಸೇರಿ ಉಳಿದ 109 ಮಂದಿಯನ್ನು ವರ್ಷವಿಡೀ ಹಿಂಬಾಲಿಸಿದ ವರದಿ ಪ್ರಕಟಿಸಿದರು. ಐಸಿಯುನಿಂದ ಹೊರಬರುವಷ್ಟರಲ್ಲಿ ಅವರು ತಮ್ಮ ತೂಕದಲ್ಲಿ ಶೇ. 18ರಷ್ಟು ಕಳೆದುಕೊಂಡಿದ್ದರು. ಅರವತ್ತು ಕಿಲೊ ತೂಗುವವರಿಗೆ ಇದು ಹತ್ತಿರಹತ್ತಿರ ಹನ್ನೊಂದು ಕಿಲೊ. ವರ್ಷದ ಕೊನೆಗೆ ಶ್ವಾಸಕೋಶ ಬಹುಮಟ್ಟಿಗೆ ಸುಧಾರಿಸಿತ್ತು. ಆದರೆ ಆರು ನಿಮಿಷದಲ್ಲಿ ಅವರು ನಡೆಯಬಲ್ಲ ದೂರ ಅದೇ ವಯಸ್ಸಿನ ಆರೋಗ್ಯವಂತರ ಮೂರನೇ ಎರಡು ಪಾಲು ಮಾತ್ರ. ಕೆಲಸಕ್ಕೆ ಮರಳಿದ್ದವರು ಅರ್ಧದಷ್ಟು ಜನ.

ಕೆಟ್ಟಿದ್ದ ಅಂಗ ರಿಪೇರಿಯಾಗಿತ್ತು, ಕೆಡದೆ ಇದ್ದ ಕಾಲು ಸೋತಿತ್ತು. ಇದನ್ನು ಗಮನಿಸಿದ ಮೇಲೆ ವೈದ್ಯರು ಬೇರೆಡೆಯೂ ಹುಡುಕತೊಡಗಿದರು. ಸ್ನಾಯು, ನೆನಪು, ಮನಸ್ಸು ಮೂರರಲ್ಲೂ ಪೆಟ್ಟು ಕಂಡಿತು. 2010ರಲ್ಲಿ ಅಮೆರಿಕದ ತೀವ್ರ ನಿಗಾ ವೈದ್ಯರ ಸಂಘ ಕರೆದ ಸಭೆಯಲ್ಲಿ ಇದಕ್ಕೆ ‘ಪೋಸ್ಟ್ ಇಂಟೆನ್ಸಿವ್ ಕೇರ್ ಸಿಂಡ್ರೋಮ್’ ಎಂಬ ಹೆಸರು ಬಂತು. ನಾವಿಲ್ಲಿ ಇದನ್ನು ‘ನಿಗಾ ನಂತರದ ಬವಣೆ’ ಎನ್ನೋಣ.

ಮೈ ತನ್ನನ್ನೇ ತಿನ್ನುವುದು

ಕಡೂರು ಬಯಲುಸೀಮೆ. ಇಲ್ಲಿನ ಹಿರಿಯರಿಗೆ ಬರ ಹೊಸದಲ್ಲ. ಮಳೆ ಕೈಕೊಟ್ಟು ಮನೆಯ ಕಣಜ ಬರಿದಾದಾಗ, ಮುಂದಿನ ಮುಂಗಾರಿಗೆಂದು ಎತ್ತಿಟ್ಟ ಬಿತ್ತನೆ ರಾಗಿಗೂ ಕೈಹಾಕಬೇಕಾಗುತ್ತದೆ. ಅದರಿಂದ ಮನೆಯವರ ಜೀವ ಉಳಿಯುತ್ತದೆ. ಆದರೆ ಮಳೆ ಬಂದಾಗ ಬಿತ್ತಲು ಬೀಜವಿರುವುದಿಲ್ಲ. ‘ಮಳೆ ಬಂತಲ್ಲ, ಇವರ ಹೊಲ ಮಾತ್ರ ಯಾಕೆ ಬರಿದು?’ ಎಂದು ದಾರಿಹೋಕರು ಕೇಳಬಹುದು. ಹೊಲದವನಿಗೆ ಉತ್ತರ ಗೊತ್ತು.

ನಂಜೇರಿದ ಮೈಯಲ್ಲೂ ನಡೆಯುವುದು ಇದೇ. ಸೋಂಕಿನ ವಿರುದ್ಧ ಹೋರಾಡಲು ದೇಹ ಉರಿಯೂತವನ್ನು ಹೊತ್ತಿಸುತ್ತದೆ. ರಕ್ಷಣೆಯ ಕಣಗಳನ್ನು ತಯಾರಿಸಲು, ಗಾಯ ಕಟ್ಟಲು, ಜೀವ ಹಿಡಿದಿಡಲು ಅದಕ್ಕೆ ರಾಶಿ ಪ್ರೊಟೀನ್ ಬೇಕು. ದೇಹದಲ್ಲಿ ಪ್ರೊಟೀನಿನ ದೊಡ್ಡ ದಾಸ್ತಾನು ಇರುವುದು ಸ್ನಾಯುಗಳಲ್ಲಿ. ಉರಿಯೂತದ ರಾಸಾಯನಿಕಗಳು ರಕ್ತದೊಂದಿಗೆ ಹರಿದು ತೊಡೆ, ಭುಜ, ಎದೆಯ ಸ್ನಾಯುಗಳಿಗೆ ‘ಕರಗು’ ಎಂಬ ಆಜ್ಞೆ ತಲುಪಿಸುತ್ತವೆ. ಹಳೆಯದು ಒಡೆಯುವ ವೇಗ ಏರುತ್ತದೆ, ಹೊಸದು ಕಟ್ಟುವ ವೇಗ ಇಳಿಯುತ್ತದೆ.

ಇದರ ಮೇಲೆ ಎರಡನೆಯ ಪೆಟ್ಟು ಬೀಳುತ್ತದೆ. ಸ್ನಾಯು ಉಳಿಯುವುದೇ ಕೆಲಸದಿಂದ. ನಿಂತರೆ, ನಡೆದರೆ, ಎಳೆದರೆ ಮಾತ್ರ ಅದಕ್ಕೆ ‘ನೀನು ಬೇಕು’ ಎಂಬ ಸೂಚನೆ ಸಿಗುತ್ತದೆ. ಐಸಿಯುನಲ್ಲಿ ಮದ್ದು ಕೊಟ್ಟು ಮಲಗಿಸಿರುತ್ತಾರೆ. ಉಸಿರಾಡುವ ಶ್ರಮವನ್ನೂ ಯಂತ್ರವೇ ವಹಿಸಿಕೊಂಡಿರುತ್ತದೆ. ಕರಗಿಸುವ ಆಜ್ಞೆ ಒಂದು ಕಡೆ, ಕೆಲಸವೇ ಇಲ್ಲದ ಸ್ಥಿತಿ ಇನ್ನೊಂದು ಕಡೆ. 2013ರಲ್ಲಿ ಲಂಡನ್ನಿನ ಸಂಶೋಧಕರು ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಸ್ಕ್ಯಾನ್ ಮಾಡಿ ಅಳೆದರು. ಹತ್ತು ದಿನದಲ್ಲಿ ಅದರ ಗಾತ್ರ ಶೇ. 17.7ರಷ್ಟು ಕುಗ್ಗಿತ್ತು. ಒಂದಕ್ಕಿಂತ ಹೆಚ್ಚು ಅಂಗ ಸೋತವರಲ್ಲಿ ನಷ್ಟ ಇನ್ನೂ ಹೆಚ್ಚು.

ನಮ್ಮ ರೈತರ ಕೈ ನಡುಕಕ್ಕೆ, ಏದುಸಿರಿಗೆ ಕಾರಣ ಇಲ್ಲಿದೆ. ಅವರ ಮೈ ಬದುಕುಳಿಯಲು ತನ್ನ ಬಿತ್ತನೆ ಬೀಜವನ್ನೇ ಉಂಡಿದೆ. ಎರಡು ಮೂರು ತಿಂಗಳಿಗೆ ತಲೆಗೂದಲು ಉದುರುವುದೂ ಇದೇ ಲೆಕ್ಕಕ್ಕೆ ಸೇರಿದ್ದು: ಕಾಯಿಲೆಯ ದಿನಗಳಲ್ಲಿ ದೇಹ ಕೂದಲ ಬೆಳವಣಿಗೆಯನ್ನು ನಿಲ್ಲಿಸಿರುತ್ತದೆ. ಕೂದಲು ಮತ್ತೆ ಬರುತ್ತದೆ, ಹೆದರಬೇಕಿಲ್ಲ.

ಸನ್ನಿಯಲ್ಲಿ ಹೆಣೆದ ಕಥೆ

ಮೈಗಿಂತ ಮನೆಯವರನ್ನು ಹೆಚ್ಚು ಕಂಗೆಡಿಸುವುದು ಆ ರಾತ್ರಿಯ ಮಾತು. ಕೊಲ್ಲಲು ಬಂದಿದ್ದರು, ನರ್ಸು ವಿಷ ಹಾಕುತ್ತಿದ್ದಳು, ಗೋಡೆಯ ಮೇಲೆ ಹುಳ ಹರಿಯುತ್ತಿತ್ತು, ರೈಲಿನಲ್ಲಿ ಕಟ್ಟಿ ಎಲ್ಲಿಗೋ ಒಯ್ದರು. ಐಸಿಯು ಕಂಡವರು ಹೇಳುವ ಕಥೆಗಳು ದೇಶ, ಭಾಷೆ ಬೇರೆಯಾದರೂ ಅಚ್ಚರಿ ಹುಟ್ಟಿಸುವಷ್ಟು ಒಂದೇ ಬಗೆಯವು.

ಜ್ವರ ನೆತ್ತಿಗೇರಿದಾಗ ಬಡಬಡಿಸುವ ಸನ್ನಿ ನಮಗೆ ಗೊತ್ತು. ವೈದ್ಯರು ಡೆಲಿರಿಯಂ ಎನ್ನುವುದು ಅದನ್ನೇ. ಸೋಂಕಿನ ಉರಿಯೂತ ಮಿದುಳನ್ನೂ ಕದಡುತ್ತದೆ. ನಿದ್ದೆಯ ಮದ್ದು ಅದಕ್ಕೆ ಸೇರುತ್ತದೆ. ಇಪ್ಪತ್ನಾಲ್ಕು ಗಂಟೆಯೂ ಉರಿಯುವ ಟ್ಯೂಬ್‌ಲೈಟು, ನಿಲ್ಲದ ಬೀಪ್ ಸದ್ದು ಹಗಲು ರಾತ್ರಿಯ ಗುರುತನ್ನೇ ಅಳಿಸುತ್ತವೆ. ಕನ್ನಡಕ, ಕಿವಿಯ ಮೆಷಿನ್ ತೆಗೆದಿಟ್ಟಿರುತ್ತಾರೆ. ಸನ್ನಿಯೆಂದರೆ ಕೂಗಾಟವೇ ಆಗಬೇಕಿಲ್ಲ. ಸುಮ್ಮನೆ ಸೂರು ನೋಡುತ್ತ ಮಲಗಿರುವ ಮೌನದ ಸನ್ನಿಯೂ ಇದೆ, ಅದು ಸುಲಭವಾಗಿ ಕಣ್ಣು ತಪ್ಪಿಸುತ್ತದೆ.

ಸನ್ನಿಯಲ್ಲಿ ಮಿದುಳು ನಡೆದದ್ದನ್ನು ಸರಿಯಾಗಿ ದಾಖಲಿಸುವುದಿಲ್ಲ. ಆದರೆ ಚೂರುಪಾರು ಅನುಭವಗಳು ಒಳಗಿಳಿದಿರುತ್ತವೆ. ಕೊಳವೆ ಕಿತ್ತುಕೊಳ್ಳದಿರಲೆಂದು ಕೈ ಕಟ್ಟಿದ್ದು, ಕಫ ತೆಗೆಯಲು ಗಂಟಲಿಗೆ ನಳಿಕೆ ಇಳಿಸಿದ್ದು, ಮುಖದ ಮೇಲೆ ಬಾಗಿದ ಮಾಸ್ಕಿನ ಮುಖಗಳು, ಗಾಲಿ ಮಂಚದ ಕುಲುಕಾಟ. ಬಿಡಿ ಚೂರುಗಳನ್ನು ಹಾಗೇ ಬಿಟ್ಟಿರುವುದು ಮಿದುಳಿನ ಸ್ವಭಾವವಲ್ಲ. ಅದು ನಡುವಿನ ಖಾಲಿ ಜಾಗ ತುಂಬಿ ಕಥೆ ಹೆಣೆಯುತ್ತದೆ. ಕಟ್ಟಿದ ಕೈ ಮತ್ತು ಗಂಟಲಿನ ನೋವು ಸೇರಿದರೆ ಕೊಲೆಯ ಯತ್ನವಾಗುತ್ತದೆ. ಆ ಭಯ ನಿಜವಾದ್ದರಿಂದ ಕಥೆಯೂ ನಿಜವಾಗಿಯೇ ಉಳಿಯುತ್ತದೆ.

ಇಂಗ್ಲೆಂಡಿನ ನರ್ಸ್ ಹಾಗೂ ಸಂಶೋಧಕಿ ಕ್ರಿಸ್ಟಿನಾ ಜೋನ್ಸ್ ಇಂಥ ರೋಗಿಗಳ ನೆನಪುಗಳನ್ನು ವರ್ಷಗಳ ಕಾಲ ಅಭ್ಯಸಿಸಿದರು. 2001ರಲ್ಲಿ ಅವರ ತಂಡ ಹೇಳಿದ್ದು ಮುಖ್ಯ ಸಂಗತಿ: ನಿಜ ಘಟನೆಯ ನೆನಪು ಎಷ್ಟೇ ಅಹಿತಕರವಾಗಿದ್ದರೂ ರೋಗಿಯನ್ನು ಒಂದು ಮಟ್ಟಿಗೆ ಕಾಪಾಡುತ್ತದೆ. ಭ್ರಮೆಯ ನೆನಪುಗಳು ಮಾತ್ರವೇ ಇದ್ದು ನಿಜದ ನೆನಪೇ ಇಲ್ಲದವರನ್ನು ಭಯ, ದುಃಸ್ವಪ್ನ ಹೆಚ್ಚು ಕಾಡುತ್ತವೆ.

ಹಾಗಾದರೆ ಕಳೆದುಹೋದ ನಿಜವನ್ನು ಮರಳಿ ಕೊಡಬಹುದಲ್ಲ? ಸ್ಕ್ಯಾಂಡಿನೇವಿಯದ ದಾದಿಯರು ಇದಕ್ಕೊಂದು ಸರಳ ದಾರಿ ಕಂಡುಕೊಂಡಿದ್ದರು. ರೋಗಿ ಮಲಗಿರುವಾಗ ಅವರ ಹೆಸರಲ್ಲಿ ದಿನಚರಿ ಬರೆಯುವುದು. ‘ಇವತ್ತು ನಿಮಗೆ ಜ್ವರ ಇಳಿಯಿತು. ಕೊಳವೆ ಎಳೆಯಬಾರದೆಂದು ಕೈಗೆ ಪಟ್ಟಿ ಕಟ್ಟಿದೆವು. ಮಗಳು ಬಂದು ಮಾತಾಡಿಸಿದಳು.’ ಚೇತರಿಸಿಕೊಂಡ ಮೇಲೆ ಓದಲು ಕೊಡುವುದು. 2010ರಲ್ಲಿ ಜೋನ್ಸ್ ತಂಡ ಯುರೋಪಿನ ಆರು ದೇಶಗಳ 352 ರೋಗಿಗಳಲ್ಲಿ ಇದನ್ನು ಪರೀಕ್ಷಿಸಿತು. ದಿನಚರಿ ಸಿಕ್ಕವರಲ್ಲಿ ಆಘಾತದ ಮನೋವ್ಯಾಧಿ ಹೊಸದಾಗಿ ಕಂಡದ್ದು ಶೇ. 5ರಷ್ಟು, ಸಿಗದವರಲ್ಲಿ ಶೇ. 13ರಷ್ಟು. 2019ರ ಫ್ರಾನ್ಸಿನ ದೊಡ್ಡ ಪ್ರಯೋಗದಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. ದಿನಚರಿ ಎಲ್ಲರಿಗೂ ಮದ್ದಲ್ಲ. ಆದರೂ ‘ನನಗೆ ಏನಾಗಿತ್ತು’ ಎಂಬುದನ್ನು ತಿಳಿಯುವ ಹಕ್ಕು ರೋಗಿಗಿದೆ. ಅದನ್ನು ತಿಳಿಸಲು ಖರ್ಚೂ ಇಲ್ಲ.

ಅಲುಗಾಡದೆ ಮಲಗಿದ ರೋಗಿಯ ಎದುರು ಆಡುವ ಮಾತಿನ ಬಗ್ಗೆ ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ನಮ್ಮ ಕಡೆ ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚುತ್ತದೆ. ಅದರ ವಿಷ ನರವು ಸ್ನಾಯುವನ್ನು ಸೇರುವ ತುದಿಯನ್ನು ಕೆಡಿಸುವುದರಿಂದ ರೆಪ್ಪೆ ಎತ್ತಲೂ ಶಕ್ತಿಯಿರದು, ಉಸಿರಿಗೆ ವೆಂಟಿಲೇಟರ್ ಬೇಕಾಗುತ್ತದೆ. ನೋಡುವವರಿಗೆ ಪ್ರಜ್ಞೆಯಿಲ್ಲದಂತೆ ಕಂಡರೂ ಎಷ್ಟೋ ಸಲ ಅವರಿಗೆ ಎಚ್ಚರವಿರುತ್ತದೆ, ಕಿವಿಗೆ ಎಲ್ಲ ಕೇಳುತ್ತಿರುತ್ತದೆ. ಐಸಿಯು ಮಂಚದ ಪಕ್ಕ ‘ಇನ್ನು ಉಳಿಯಲ್ಲ’ ಎಂಬ ಮಾತನ್ನು ಯಾರೂ ಆಡಬಾರದು.

ಲೆಕ್ಕ ತಪ್ಪುವ ತಲೆ

ಕೊಬ್ಬರಿ ಲೆಕ್ಕ ಮರೆತದ್ದಕ್ಕೆ ವಯಸ್ಸಷ್ಟೇ ಕಾರಣವಿರಲಾರದು. 2013ರಲ್ಲಿ ಅಮೆರಿಕದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಪ್ರತೀಕ್ ಪಂಢರಿಪಾಂಡೆ, ವೆಸ್ ಈಲಿ ಮತ್ತಿತರರು 821 ಐಸಿಯು ರೋಗಿಗಳ ಅಧ್ಯಯನ ಪ್ರಕಟಿಸಿದರು. ಆಸ್ಪತ್ರೆಯಲ್ಲಿದ್ದಾಗ ಶೇ. 74ರಷ್ಟು ಮಂದಿಗೆ ಸನ್ನಿ ಬಂದಿತ್ತು. ವರ್ಷದ ಬಳಿಕ ನೆನಪು, ಗಮನ, ಯೋಜನೆಯ ಪರೀಕ್ಷೆ ಕೊಟ್ಟಾಗ ಮೂರರಲ್ಲಿ ಒಬ್ಬರ ಅಂಕ ತಲೆಗೆ ಮಧ್ಯಮ ಪೆಟ್ಟು ಬಿದ್ದವರ ಮಟ್ಟದಲ್ಲಿತ್ತು. ನಾಲ್ವರಲ್ಲಿ ಒಬ್ಬರದು ಆರಂಭದ ಅಲ್ಜೈಮರ್ ರೋಗಿಗಳ ಮಟ್ಟಕ್ಕೆ ಇಳಿದಿತ್ತು. ಕಿರಿಯರೂ ಇದಕ್ಕೆ ಹೊರತಾಗಿರಲಿಲ್ಲ. ಸನ್ನಿ ಹೆಚ್ಚು ದಿನ ಇದ್ದಷ್ಟೂ ಅಂಕ ಕಡಿಮೆ.

ಅಂಕ ಅಷ್ಟಿತ್ತೆಂದರೆ ಅಲ್ಜೈಮರ್ ಬಂತೆಂದು ಅರ್ಥವಲ್ಲ. ತಿಂಗಳುಗಳು ಕಳೆದಂತೆ ಸುಧಾರಿಸುವವರೂ ಇದ್ದಾರೆ. ಆದರೆ ಆ ತನಕ ಮನೆಯವರು ಜಾಗರೂಕರಾಗಿರಬೇಕು. ಮೊದಲ ತಿಂಗಳುಗಳಲ್ಲಿ ಜಮೀನಿನ ಪತ್ರಕ್ಕೆ, ಸಾಲದ ಕಾಗದಕ್ಕೆ ಸಹಿ ಹಾಕಿಸುವುದು ಬೇಡ. ವೈದ್ಯರನ್ನು ಕೇಳದೆ ಬೈಕು, ಟ್ರ್ಯಾಕ್ಟರ್ ಓಡಿಸುವುದೂ ಬೇಡ.

ಅಳತೆಯ ಕೆಲಸ

ಬೀಜ ಹೋದ ಹೊಲಕ್ಕೆ ಬೀಜ ಹೊಂದಿಸಿ ಮತ್ತೆ ಬಿತ್ತಲೇಬೇಕು, ಕಾದು ಕೂತರೆ ಬೆಳೆ ಬಾರದು. ಮೈಗೂ ಇದೇ ನಿಯಮ. ಉರಿಯೂತ ಆರಿದ ಮೇಲೆ ಸ್ನಾಯುವನ್ನು ಕಟ್ಟಲು ಎರಡು ಬೇಕು: ಕಟ್ಟುವ ಸಾಮಗ್ರಿ ಮತ್ತು ಕಟ್ಟು ಎನ್ನುವ ಆಜ್ಞೆ. ಸಾಮಗ್ರಿ ಊಟದಿಂದ ಬರುತ್ತದೆ, ಆಜ್ಞೆ ಕೆಲಸದಿಂದ. ಊಟ ಮಾತ್ರ ಕೊಟ್ಟು ಮಲಗಿಸಿದರೆ ಬೊಜ್ಜು ಬಂದೀತು, ಕಾಲಿಗೆ ಬಲ ಬಾರದು. ‘ಅಪ್ಪ ಸುಮ್ನೆ ಮಲಗಿರ್ಲಿ’ ಎಂಬ ಮಗನ ಪ್ರೀತಿ ಇಲ್ಲಿ ಅಪ್ಪನ ವಿರುದ್ಧವೇ ಕೆಲಸ ಮಾಡುತ್ತದೆ.

ಇದು ಐಸಿಯುನಲ್ಲೇ ಶುರುವಾಗಬೇಕೆಂದು 2009ರ ಅಮೆರಿಕದ ಅಧ್ಯಯನವೊಂದು ತೋರಿಸಿತು. ವೆಂಟಿಲೇಟರ್ ಮೇಲಿದ್ದ 104 ರೋಗಿಗಳಲ್ಲಿ ಅರ್ಧದಷ್ಟು ಮಂದಿಯನ್ನು ದಿನವೂ ನಿದ್ದೆಮದ್ದು ನಿಲ್ಲಿಸಿ ಎಬ್ಬಿಸಿದ ಹೊತ್ತಿನಲ್ಲೇ ಕೈಕಾಲು ಆಡಿಸಿ, ಕೂರಿಸಿ, ಆದವರನ್ನು ನಿಲ್ಲಿಸಿದರು. ಆಸ್ಪತ್ರೆ ಬಿಡುವಾಗ ಇವರಲ್ಲಿ ಶೇ. 59ರಷ್ಟು ಮಂದಿ ತಮ್ಮ ಕೆಲಸ ತಾವೇ ಮಾಡಿಕೊಳ್ಳುವಂತಿದ್ದರು. ಉಳಿದ ಗುಂಪಿನಲ್ಲಿ ಅಂಥವರು ಶೇ. 35. ಸನ್ನಿಯ ದಿನಗಳೂ ಅರ್ಧಕ್ಕೆ ಇಳಿದವು. ಕಾಲಿಗೆ ಕೊಟ್ಟ ಕೆಲಸ ತಲೆಗೂ ನೆರವಾಗಿತ್ತು.

ಹಾಗೆಂದು ಜಾಸ್ತಿ ಕೆಲಸ ಜಾಸ್ತಿ ಲಾಭ ತರುತ್ತದೆಯೇ? 2022ರಲ್ಲಿ ಆಸ್ಟ್ರೇಲಿಯದವರ ನೇತೃತ್ವದಲ್ಲಿ 750 ರೋಗಿಗಳಲ್ಲಿ ನಡೆದ ಪ್ರಯೋಗ ಇದಕ್ಕೆ ಉತ್ತರ ಕೊಟ್ಟಿತು. ಎಂದಿನ ಫಿಸಿಯೊಥೆರಪಿಗಿಂತ ಹೆಚ್ಚು ಹೊತ್ತು, ಹೆಚ್ಚು ಕಠಿಣವಾಗಿ ಮಾಡಿಸಿದಾಗ ಹೆಚ್ಚಿನ ಲಾಭ ಸಿಗಲಿಲ್ಲ. ಬಿಪಿ ಏರುಪೇರು, ಎದೆಬಡಿತದ ಏರುಪೇರಿನಂಥ ತೊಡಕುಗಳು ಹೆಚ್ಚಾದವು. ಕೆಲಸ ಬೇಕು, ಅಳತೆಯಲ್ಲಿ ಬೇಕು. ಈ ಅಧ್ಯಯನಗಳ ಸಾರ ಇಷ್ಟೇ.

ಮನೆಯಲ್ಲಿ ಮೊದಲ ತಿಂಗಳುಗಳು

ಮೊದಲ ವಾರ ಮಂಚದಿಂದ ತಾವೇ ಎದ್ದು ಕುರ್ಚಿಗೆ ಬರುವುದು, ಕುರ್ಚಿಯಿಂದ ಕೈಯೂರದೆ ಏಳುವುದು ಸಾಕು. ಆಮೇಲೆ ಅಂಗಳ. ಆಮೇಲೆ ಮನೆಯೆದುರಿನ ಒಂದು ಲೈಟುಕಂಬದಿಂದ ಇನ್ನೊಂದಕ್ಕೆ. ನಡೆಯುವಾಗ ಮಾತಾಡಲು ಆಗುತ್ತಿದ್ದರೆ ಅಳತೆ ಸರಿಯಿದೆ, ಮಾತು ತುಂಡಾದರೆ ಕೂರಬೇಕು. ಮಾರನೆಯ ದಿನ ಮೈಯೆತ್ತಲು ಆಗದಷ್ಟು ಸುಸ್ತಾದರೆ ಹಿಂದಿನ ದಿನ ಅಳತೆ ಮೀರಿತ್ತೆಂದು ತಿಳಿಯಬೇಕು. ನಮ್ಮ ರೈತರಿಗೆ ಸಖರಾಯಪಟ್ಟಣದ ಹತ್ತಿರದ ಅಯ್ಯನಕೆರೆ ಏರಿಯ ಮೇಲೆ ಮತ್ತೆ ನಡೆಯುವ ಆಸೆಯಿದ್ದರೆ ಒಳ್ಳೆಯದೇ. ಅದನ್ನು ತಿಂಗಳುಗಳ ಗುರಿಯಾಗಿ ಇಟ್ಟುಕೊಳ್ಳಲಿ.

ಊಟದಲ್ಲಿ ಬರೀ ಗಂಜಿ, ಬ್ರೆಡ್ಡಿನ ಪಥ್ಯ ಸ್ನಾಯು ಕಟ್ಟುವುದಿಲ್ಲ. ಮೊಟ್ಟೆ, ಹಾಲು, ಮೊಸರು, ಹುರುಳಿ, ಅವರೆ, ಹೆಸರುಬೇಳೆ, ತಿನ್ನುವವರಿಗೆ ಮೀನು, ಕೋಳಿ ಬೇಕು. ಕಿಡ್ನಿ ತೊಂದರೆಯಿದ್ದವರು ಮಾತ್ರ ಪ್ರಮಾಣವನ್ನು ವೈದ್ಯರಿಂದಲೇ ಕೇಳಬೇಕು. ಗಂಟಲಲ್ಲಿ ಕೊಳವೆಯಿದ್ದವರಿಗೆ ಕೆಲವು ವಾರ ನುಂಗುವುದು ಕಷ್ಟ, ದನಿ ಗೊಗ್ಗರು. ನೆಟ್ಟಗೆ ಕೂತು, ಸಣ್ಣ ತುತ್ತು ತಿನ್ನಬೇಕು. ತಿನ್ನುವಾಗ ಪದೇಪದೇ ಕೆಮ್ಮು ಬಂದು ಜ್ವರವೂ ಕಾಣಿಸಿದರೆ, ಕೂತಲ್ಲೇ ಏದುಸಿರು ಬಂದರೆ, ಒಂದು ಕಾಲು ಊದಿಕೊಂಡರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ತಲೆಗೂ ಅಳತೆಯ ಕೆಲಸ ಕೊಡಿ. ಸಂತೆಯ ಪಟ್ಟಿ ಬರೆಸಿ, ಹಾಲಿನ ಲೆಕ್ಕ ಹಿಡಿಸಿ, ಪೇಪರ್ ಓದಿಸಿ. ರಾತ್ರಿ ಬೆಚ್ಚಿದವರಿಗೆ ‘ಹಾಗೇನೂ ಇಲ್ಲ, ಸುಮ್ನಿರಿ’ ಎಂದರೆ ಭಯ ಒಳಗೇ ಉಳಿಯುತ್ತದೆ. ‘ಕೈ ಕಟ್ಟಿದ್ದು ನಿಜ, ಪೈಪು ಎಳ್ಕೋತಿದ್ರಿ ಅಂತ ಕಟ್ಟಿದ್ರು, ನಾನು ಹೊರಗೇ ಇದ್ದೆ’ ಎಂದು ನಡೆದದ್ದನ್ನು ಹೇಳಿ. ತಿಂಗಳಾದರೂ ಭಯ, ಬೇಸರ ತಗ್ಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ ಮಾನಸ್ ಎಂಬ ಸರ್ಕಾರದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಮಾತಾಡಿದರಂತೂ ಒಂದು ದಿನವೂ ಕಾಯಬೇಡಿ.

ಜೊತೆಗಿದ್ದವರಿಗೂ ಪೆಟ್ಟು ಬಿದ್ದಿದೆ

ಐಸಿಯು ಹೊರಗಿನ ಜಗುಲಿಯಲ್ಲಿ ಚಾಪೆ ಹಾಸಿ ಮಲಗಿದ್ದ ಹೆಂಡತಿ, ಪ್ರತಿ ಸಲ ಬಾಗಿಲು ತೆರೆದಾಗಲೂ ಎದೆ ಹಿಡಿದುಕೊಂಡ ಮಗ, ಇವರಿಗೂ ನಿದ್ದೆಗೇಡು, ಆತಂಕ, ಖಿನ್ನತೆ ಕಾಡುತ್ತವೆ. ‘ನಿಗಾ ನಂತರದ ಬವಣೆ’ಗೆ ಹೆಸರಿಟ್ಟ 2010ರ ಸಭೆ ಮನೆಯವರ ಬವಣೆಯನ್ನೂ ಅದೇ ಹೆಸರಿನಡಿ ಸೇರಿಸಿತು. ನಮ್ಮಲ್ಲಿ ಆರೈಕೆಯ ಭಾರ ಬಹುಪಾಲು ಹೆಂಡತಿ, ಸೊಸೆ, ಮಗಳ ಮೇಲೆ ಬೀಳುತ್ತದೆ. ಆಸ್ಪತ್ರೆಗೆ ಮಾಡಿದ ಸಾಲ, ನಿಂತುಹೋದ ಹೊಲದ ಕೆಲಸ ಅದಕ್ಕೆ ಸೇರುತ್ತವೆ. ರಾತ್ರಿ ಪಾಳಿಯನ್ನು ಹಂಚಿಕೊಳ್ಳುವುದು, ವಾರಕ್ಕೊಂದು ದಿನ ಅವರಿಗೆ ಬಿಡುವು ಕೊಡುವುದು ರೋಗಿಯ ಚಿಕಿತ್ಸೆಯ ಭಾಗವೇ.

ಚೀಟಿ ಕೈಗೆ ಬಂದಾಗ

ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಗಳ ಹೆಸರಿರುತ್ತದೆ. ಮೈಗೆ ಎಷ್ಟು ಕೆಲಸ, ಮನಸ್ಸಿಗೆ ಯಾವ ಎಚ್ಚರ ಎಂಬುದು ಎಷ್ಟೋ ಸಲ ಇರುವುದಿಲ್ಲ. ಅದಕ್ಕೇ ಮೂರು ಪ್ರಶ್ನೆ ಕೇಳಿ. ಇವರಿಗೆ ದಿನವೂ ಯಾವ ವ್ಯಾಯಾಮ, ಎಷ್ಟು ಹೊತ್ತು, ಯಾರು ಕಲಿಸುತ್ತಾರೆ? ಐಸಿಯುನಲ್ಲಿ ಇವರಿಗೆ ಸನ್ನಿ ಬಂದಿತ್ತೇ, ಎಷ್ಟು ದಿನ? ಮೂರು ತಿಂಗಳ ಬಳಿಕ ಬಲ, ನೆನಪು, ಮನಸ್ಸು ಮೂರನ್ನೂ ನೋಡಲು ಎಲ್ಲಿಗೆ ಬರಬೇಕು? ವೈದ್ಯರೂ ಈ ಮೂರು ಉತ್ತರಗಳನ್ನು ಕೇಳುವ ಮೊದಲೇ ಚೀಟಿಯ ಮೇಲೆ ಕನ್ನಡದಲ್ಲಿ ಬರೆದುಕೊಟ್ಟರೆ ಎಷ್ಟೋ ಮನೆಗಳು ಉಸಿರಾಡುತ್ತವೆ.

ಟೊರೊಂಟೊದ ಹೆರಿಡ್ಜ್ ತಂಡ ಮೊದಲ ವರ್ಷ ನೋಡಿದ್ದ ಅದೇ ರೋಗಿಗಳನ್ನು ಐದು ವರ್ಷದವರೆಗೂ ಹಿಂಬಾಲಿಸಿತು. ಅವರು ನಡೆಯಬಲ್ಲ ದೂರ ನಿರೀಕ್ಷಿತ ಮಟ್ಟದ ಶೇ. 76ಕ್ಕೆ ಏರಿತ್ತು. ಪೂರ್ತಿ ಮೊದಲಿನಂತಾಗಲಿಲ್ಲ, ಆದರೆ ಏರಿಕೆ ನಿಂತಿರಲಿಲ್ಲ. ನಿಮ್ಮ ಬೀದಿಯಲ್ಲೂ ಐಸಿಯುನಿಂದ ಬಂದವರೊಬ್ಬರು ಇರಬಹುದು. ‘ಇನ್ನೂ ಹುಷಾರಾಗಿಲ್ವಾ?’ ಎಂದು ಕೇಳಬೇಡಿ. ಸಂಜೆ ಅವರ ಮನೆಗೆ ಹೋಗಿ, ‘ಬನ್ನಿ, ಆ ಕಂಬದ ತನಕ ಹೋಗಿ ಬರೋಣ’ ಎನ್ನಿ.